ತೊಟ್ಟಿಲು ಕಟ್ಟುವ ಜಾಗ

ಕಲಘಟಗಿ

ವಿಯೆಟ್ನಾಮಿಗೆ ಹೋಗುವವರು ಕಡಲು ನೋಡಲು ಹೋಗುತ್ತಾರೆ, ಗುಹೆ ನೋಡಲು ಹೋಗುತ್ತಾರೆ. ನಾನು ಹೋದದ್ದು ಒಂದು ತೊಟ್ಟಿಲು ಮುಟ್ಟಿಸಲಿಕ್ಕೆ.

ನನ್ನ ತಮ್ಮ ಬಸವರಾಜ ಅಲ್ಲಿ ಯೋಗ ಕಲಿಸುತ್ತಾನೆ. ನಮ್ಮೂರು ತಂಬೂರಿನಲ್ಲಿದ್ದಾಗ ಬಿಸಿಲು ಬೆನ್ನಿಗೆ ಬೀಳುವ ತನಕ ಹಾಸಿಗೆ ಬಿಟ್ಟವನಲ್ಲ. ಈಗ ಪರದೇಶದ ಜನರನ್ನು ಕತ್ತಲಲ್ಲೇ ಎಬ್ಬಿಸಿ, ಇನ್ನೂ ಹುಟ್ಟದ ಸೂರ್ಯನಿಗೆ ನಮಸ್ಕಾರ ಮಾಡಿಸುತ್ತಾನೆ. ಅಲ್ಲಿಯ ಲಾನ್ ಎಂಬ ಹುಡುಗಿಯನ್ನು ಮದುವೆಯಾಗಿದ್ದಾನೆ. ಅವರಿಗೆ ಹೆಣ್ಣು ಕೂಸು ಹುಟ್ಟಿತ್ತು. ನಮ್ಮಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಅವನಿಗಿರುವ ಅಕ್ಕ ನಾನೊಬ್ಬಳೇ. ಹೀಗಾಗಿ ಯಾರನ್ನು ಕಳಿಸಬೇಕು ಎಂಬ ಚರ್ಚೆ ಮನೆಯಲ್ಲಿ ನಡೆಯಲೇ ಇಲ್ಲ.

ನಾನು ಕುಂದಗೋಳದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತೇನೆ. ನಮ್ಮ ಪಠ್ಯದಲ್ಲಿ ಒಮ್ಮುಖತೆ ಎಂಬ ಪಾಠವಿದೆ. ಆರ್ಥಿಕ ಸುಧಾರಣೆ ಆರಂಭವಾದ ದೇಶದಲ್ಲಿ ಮೊದಲು ಕಡಲ ಬದಿಯ ಊರುಗಳು ಮುಂದೆ ಓಡುತ್ತವೆ, ಒಳನಾಡು ಹಿಂದೆ ಬೀಳುತ್ತದೆ, ಕ್ರಮೇಣ ಹಿಂದಿನವರು ಮುಂದಿನವರನ್ನು ಮುಟ್ಟುತ್ತಾರೆ ಎಂದು ಅದರ ಸಾರ. ಆ ಕ್ರಮೇಣ ಎಂಬ ಶಬ್ದವನ್ನು ನಾನು ವರ್ಷ ವರ್ಷವೂ ಬಹಳ ಧೈರ್ಯದಿಂದ ಉಚ್ಚರಿಸುತ್ತಾ ಬಂದಿದ್ದೇನೆ. ಬೆಂಗಳೂರಿಗೆ ಹೋಲಿಸಿದರೆ ಹುಬ್ಬಳ್ಳಿ ಹಿಂದೆ, ಹುಬ್ಬಳ್ಳಿಗೆ ಕಲಘಟಗಿ ಹಿಂದೆ, ಕಲಘಟಗಿಗೆ ನಮ್ಮ ತಂಬೂರು ಹಿಂದೆ. ತಂಬೂರಿನವರಿಗೆ ತಾವು ಯಾರಿಗಿಂತ ಮುಂದೆ ಎಂಬುದು ಇನ್ನೂ ಗೊತ್ತಾಗಿಲ್ಲ.

ಕಾಲೇಜಿನ ಪಾಲಕರ ಸಭೆಗೆ ಈಚೆಗೆ ಬಹುಪಾಲು ಅಜ್ಜಿಯರೇ ಬರುತ್ತಾರೆ. ಪಾಲಕರು ಗೋವಾದಲ್ಲಿ ಕಟ್ಟಡದ ಕೆಲಸದಲ್ಲಿರುತ್ತಾರೆ. ಹೋದ ಸಲ ಒಬ್ಬ ಅಜ್ಜಿ, ಮೊಮ್ಮಗಳು ಓದುವುದೇನೆಂದು ಕೇಳಿದರು. ನನಗೆ ತಿಳಿದಷ್ಟು ಸರಳವಾಗಿ ಒಮ್ಮುಖತೆಯನ್ನು ಹೇಳಿದೆ. ಅವರು ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ದವಡೆಗೆ ಸರಿಸಿಕೊಂಡು, "ಅದು ಸಮ ಯಾವಾಗ ಆಗತೈತ್ರಿ ಬಾಯಾರ? ಆತಂದ್ರ ನಮ್ಮ ಮಗಾ ಸೊಸಿ ಮನಿಗಿ ಬರತಾರೇನು?" ಎಂದರು. ಅದು ಪಠ್ಯದಲ್ಲಿರಲಿಲ್ಲ. ಚಹಾ ತಗೊಳ್ಳಿ ಎಂದೆ.

ತೊಟ್ಟಿಲನ್ನು ಕಲಘಟಗಿಯಲ್ಲೇ ಕೊಂಡೆವು. ಅರಗಿನ ಬಣ್ಣದ್ದು, ಬದಿಯ ಹಲಗೆಗಳ ಮೇಲೆ ನೀಲಿ ಬಾಲಕೃಷ್ಣ, ಬೆಣ್ಣೆ ಗಡಿಗೆ, ಗಿಳಿ. ಬಿಚ್ಚಿ ಜೋಡಿಸಲು ಬರುತ್ತದೆ. ನಾಲ್ಕು ಮೂಲೆಯ ಸರಪಳಿಗಳು ಮೇಲೆ ಒಂದು ಕೊಂಡಿಗೆ ಸೇರುತ್ತವೆ. ಅದರ ಕಟ್ಟಿಗೆಯ ಸ್ಟ್ಯಾಂಡು ವಿಮಾನದಲ್ಲಿ ಒಯ್ಯಲು ಆಗುವಂಥದ್ದಲ್ಲ, ಬಿಟ್ಟೆವು. ನನ್ನ ಜೊತೆಗೇ ಇರುವ ಅವ್ವ ಮೊಣಕಾಲು ನೋವಿನಿಂದ ಬರುವಂತಿರಲಿಲ್ಲ. ಬದಲಿಗೆ ಅಪ್ಪಣೆಗಳನ್ನು ಕಳಿಸಿದಳು.

"ಖಾಲಿ ತೊಟ್ಟಿಲಾ ತೂಗಬ್ಯಾಡ್ರಿ. ಮೊದಲ ಗುಂಡಕಲ್ಲು ಹಾಕಿ ತೂಗಿ, ಆಮ್ಯಾಲ ಕೂಸಿನ್ನ ಹಾಕ್ರಿ. ಮತ್ತ ಒಂದ್ ಸಲಾ ಕಟ್ಟಿದ್ರ ಕೂಸು ನಡಿಯೂತನಕ ಬಿಚ್ಚಬ್ಯಾಡ್ರಿ. ಎಲ್ಲಿ ಕಟ್ಟೂದು ಅಂತ ವಿಚಾರ ಮಾಡಿ ಕಟ್ಟು."

ಕೊನೆಯ ಮಾತಿಗೆ ನಾನು ಕಿವಿಗೊಡಲಿಲ್ಲ. ಮನೆಯೊಳಗೆ ಕಟ್ಟುತ್ತಾರೆ, ಮತ್ತೆಲ್ಲಿ ಕಟ್ಟುತ್ತಾರೆ ಅಂದುಕೊಂಡೆ.

ಬೆಂಗಳೂರಿನ ವಿಮಾನ ನಿಲ್ದಾಣ

ಗುಂಡುಕಲ್ಲೆಂದರೆ ಒರಳಿನಲ್ಲಿ ಚಟ್ನಿ ಅರೆಯುವ ಕಲ್ಲು. ತೊಟ್ಟಿಲ ದಿನ ಅದನ್ನು ತೊಳೆದು, ಕೂಸಿನ ತಲೆಗೆ ಹಾಕುವ ಕುಂಚಿಗೆ ತೊಡಿಸಿ, ಕೂಸಿನಂತೆ ಮಲಗಿಸಿ ತೂಗುತ್ತಾರೆ. ಕಲ್ಲಿನಂತೆ ಗಟ್ಟಿಯಾಗಿರಲಿ ಎಂಬ ಹಾರೈಕೆ. ತೊಟ್ಟಿಲು, ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ ಸೇರಿ ದೊಡ್ಡ ಪೆಟ್ಟಿಗೆ ಭಾರವಾಗಿತ್ತು. ಕಲ್ಲನ್ನು ಕೈಚೀಲದಲ್ಲಿ ಇಟ್ಟುಕೊಂಡೆ. ನಾಲ್ಕು ಜನ ಓದಿದವರು ಇರುವ ಮನೆಯಲ್ಲಿ ಇದು ತಪ್ಪು ಎಂದು ಯಾರಿಗೂ ಹೊಳೆಯಲಿಲ್ಲ.

ತಪಾಸಣೆಯ ಹೆಣ್ಣುಮಗಳು ಅದನ್ನು ಎರಡೂ ಕೈಯಿಂದ ಎತ್ತಿ ಮೇಜಿನ ಮೇಲಿಟ್ಟಳು.

"ಏನಿದು ಮೇಡಂ?"

"ಕಲ್ಲು."

"ಯಾಕೆ ಒಯ್ತಿದೀರ?"

"ತೊಟ್ಟಿಲಲ್ಲಿ ಹಾಕಿ ತೂಗಬೇಕು."

ಅವಳು ನನ್ನ ಮುಖ ನೋಡಿದಳು. "ಮಗು ಇಲ್ವಾ?" ಎಂದಳು.

"ಐತಿ. ಮೊದಲು ಕಲ್ಲು, ಆಮೇಲೆ ಮಗು."

ಕಲ್ಲು ಅಲ್ಲೇ ಉಳಿಯಿತು. ಅದಕ್ಕೆ ಸುತ್ತಿದ್ದ ಕುಂಚಿಗೆಯನ್ನು ಮಾತ್ರ ವಾಪಸು ಕೊಟ್ಟಳು. ಮೂರು ತಲೆಮಾರಿಗೆ ಚಟ್ನಿ ಅರೆದ ಕಲ್ಲು ಚಾಕು, ಕತ್ತರಿಗಳ ಡಬ್ಬಿಯಲ್ಲಿ ಬಿದ್ದ ಸಪ್ಪಳ ನನಗೆ ಈಗಲೂ ಕೇಳಿಸುತ್ತದೆ. ಅವ್ವನಿಗೆ ಹೇಳಲಿಲ್ಲ.

ಹೈಫಾಂಗ್

ತಮ್ಮ ಇರುವುದು ಹೈಫಾಂಗ್ ಎಂಬ ಬಂದರು ಊರಿನಲ್ಲಿ. ದೇಶದ ಸುಧಾರಣೆ ಕಣ್ಣಿಗೆ ಕಾಣಬೇಕೆಂದರೆ ಇಲ್ಲಿಗೆ ಬರಬೇಕು. ಕ್ರೇನುಗಳು, ಕಾರ್ಖಾನೆಗಳು, ಒಂದೇ ಬಣ್ಣದ ಅಂಗಿ ತೊಟ್ಟು ಸ್ಕೂಟರಿನಲ್ಲಿ ಹರಿಯುವ ಹುಡುಗಿಯರು. ಲಾನ್ ಅವರಲ್ಲಿ ಒಬ್ಬಳು. ಮೊಬೈಲಿನೊಳಗೆ ಕೂಡುವ ಒಂದು ಕಣ್ಣಿಗೆ ಕಾಣದ ತುಣುಕನ್ನು ಜೋಡಿಸುತ್ತಾಳೆ. ಹೆರಿಗೆ ರಜೆ ಮುಗಿಯುತ್ತಾ ಬಂದಿತ್ತು.

ಅವ್ವನ ಜೊತೆ ದಿನವೂ ವಿಡಿಯೋದಲ್ಲಿ ಮಾತಾಡಿ ಲಾನ್ ಕನ್ನಡ ಕಲಿತಿದ್ದಾಳೆ. ಗೌರವ ಬಿಟ್ಟ ಕನ್ನಡ ಅವಳಿಗೆ ಗೊತ್ತೇ ಇಲ್ಲ. "ಬರ್ರಿ ಅಕ್ಕಾರ, ಕುಂಡ್ರಿ" ಎಂದು ನನಗೆ ಹೇಳಿದಳು. ಕೂಸು ಅತ್ತಾಗ "ಅಳಬ್ಯಾಡ್ರಿ" ಎಂದಳು. ನೆರೆಮನೆಯ ಬೆಕ್ಕಿಗೂ "ಹೋಗ್ರಿ" ಎಂದದ್ದನ್ನು ನಾನು ಕೇಳಿದ್ದೇನೆ.

ಇಲ್ಲಿಯ ಜನ ಮೊದಲ ಭೇಟಿಯಲ್ಲೇ ವಯಸ್ಸು ಕೇಳುತ್ತಾರೆ. ಅಕ್ಕ ಅನ್ನಬೇಕೋ ತಂಗಿ ಅನ್ನಬೇಕೋ ಗೊತ್ತಾಗದೆ ಅವರಿಗೆ ಮಾತು ಶುರು ಮಾಡಲು ಬರುವುದಿಲ್ಲ. ನಮ್ಮಲ್ಲಿ "ಯಾರ ಪೈಕಿ?" ಎಂದು ಕೇಳದೆ ನೀರು ಕೊಡದವರಿದ್ದಾರಲ್ಲ, ಹಾಗೆ. ಹೂ ಮಾರುವವಳು ನನ್ನ ವಯಸ್ಸು ತಿಳಿದು, ತನಗಿಂತ ದೊಡ್ಡವಳೆಂದು ಖುಷಿಪಟ್ಟು ಕುರ್ಚಿ ಕೊಟ್ಟಳು. ಕುರ್ಚಿ ನಮ್ಮ ಮಣೆಯಷ್ಟೇ ಎತ್ತರವಿತ್ತು. ಏಳಲು ಇಬ್ಬರು ಬೇಕಾದರು.

ಇನ್ನೊಂದು ಪದ್ಧತಿ, ನಡುಹಗಲ ನಿದ್ದೆ. ಉಂಡ ಮೇಲೆ ಊರಿಗೆ ಊರೇ ಮಲಗುತ್ತದೆ. ಅಂಗಡಿಯವನು ಗಲ್ಲಾಪೆಟ್ಟಿಗೆಯ ಹಿಂದೆ, ರಿಪೇರಿಯವನು ಸ್ಕೂಟರಿನ ಮೇಲೆಯೇ ಉದ್ದಕ್ಕೆ. ನನ್ನ ತಮ್ಮ ಈ ದೇಶದ ಭಾಷೆಯನ್ನು ಅರ್ಧ ಕಲಿತಿದ್ದಾನೆ, ಊಟವನ್ನು ಮುಕ್ಕಾಲು ಕಲಿತಿದ್ದಾನೆ, ಈ ಪದ್ಧತಿಯನ್ನು ಮಾತ್ರ ಪೂರ್ತಿ ಕಲಿತಿದ್ದಾನೆ. ಬೆಳಗಿನ ಕ್ಲಾಸು ಮುಗಿಸಿ ಬಂದು, ತಿಂದು, ಸಂಜೆಯ ಕ್ಲಾಸಿನ ತನಕ ಮಲಗುತ್ತಾನೆ. ಅದಕ್ಕೆ ಶವಾಸನ ಎಂದು ಹೆಸರಿಟ್ಟಿದ್ದಾನೆ.

ತೊಟ್ಟಿಲು ಜೋಡಿಸಲು ಕೂತಾಗ ಮೇಲೆ ನೋಡಿದೆ. ಚಾವಣಿಯೆಲ್ಲ ನುಣ್ಣಗಿನ ತೆಳು ಹಲಗೆ. ತೊಟ್ಟಿಲಿರಲಿ, ಕ್ಯಾಲೆಂಡರ್ ನೇತುಹಾಕಲೂ ಧೈರ್ಯ ಬಾರದಂಥದ್ದು.

"ಕೊಂಡಿ ಎಲ್ಲಿ ಹಾಕತೀಲೇ ಬಸ್ಯಾ?"

"ಇಲ್ಲಿ ಕಟ್ಟೂದಲ್ಲ ಅಕ್ಕಾ. ಅಕಿ ತವರುಮನ್ಯಾಗ, ಬೆಟ್ಟದ ಮ್ಯಾಲ. ಅಲ್ಲಿ ಗಟ್ಟಿ ತೊಲಿ ಐತಿ."

"ಕೂಸು ಇಲ್ಲಿರತೈತಿ. ತೊಟ್ಟಿಲಾ ಅಲ್ಲ್ಯಾಕ?"

ಅವನು ಕೂಸಿನ ಟೊಪ್ಪಿಗೆ ಸರಿ ಮಾಡಿದ. "ಕೂಸು ಅಲ್ಲೇ ಇರತೈತಿ. ಅಕಿ ಕೆಲಸಕ್ಕ ಹೋಗಬೇಕಲ್ಲ. ಇಲ್ಲಿ ಎಲ್ಲಾರೂ ಹಂಗ ಮಾಡತಾರ. ಸಾಲಿಗೆ ಹೋಗೂ ವಯಸ್ಸು ಆಗೂತನಕ ಅಜ್ಜಿ ನೋಡ್ಕೋತಾಳ."

ಲಾನ್ ಒಳಗೆ ಬಟ್ಟೆ ಮಡಚುತ್ತಿದ್ದಳು. ಅವಳಿಗೆ ಅಷ್ಟು ಕನ್ನಡ ಬರುತ್ತದೆ. ಮಡಚಿದ್ದನ್ನೇ ಬಿಡಿಸಿ ಮತ್ತೆ ಮಡಚಿದಳು.

ಮಲಗುವ ಬಸ್ಸು

ಬೆಟ್ಟದ ಸೀಮೆಗೆ ಹೋಗುವ ಬಸ್ಸಿನಲ್ಲಿ ಹತ್ತುವಾಗಲೇ ಚಪ್ಪಲಿ ಬಿಚ್ಚಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕೈಗೆ ಕೊಡುತ್ತಾರೆ. ಒಳಗೆ ಕೂರುವಂತಿಲ್ಲ, ಎಲ್ಲರೂ ಮಲಗಬೇಕು. ನಾನು ಕಾಲು ಚಾಚುವ ಗೂಡು ಮುಂದಿನವರ ಬೆನ್ನ ಕೆಳಗೆ ಹೋಗುತ್ತದೆ. ಇಳಕಲ್ ಸೀರೆ ಉಟ್ಟು ಇದರಲ್ಲಿ ಮಲಗುವುದು ಯಾವ ಆಸನ ಎಂದು ತಮ್ಮನನ್ನು ಕೇಳಿದೆ. ಅವನು ಆಗಲೇ ಮಲಗಿದ್ದ.

ಬಯಲು ಮುಗಿದು ಘಟ್ಟ ಹತ್ತಿದಂತೆ ಊರುಗಳು ಬಡವಾಗುತ್ತವೆ ಎಂದುಕೊಂಡಿದ್ದೆ. ಹಾಗೆ ಆಗಲಿಲ್ಲ. ರಸ್ತೆ ನಮ್ಮ ಕಲಘಟಗಿ ರಸ್ತೆಗಿಂತ ಚೆನ್ನಾಗಿತ್ತು. ಟವರು, ಕರೆಂಟು, ಅಲ್ಲಲ್ಲಿ ಹೊಳೆಯುವ ಗೇಟಿನ ಹೊಸ ಮನೆಗಳು. ಒಮ್ಮುಖತೆ ಎಂದು ಒಳಗೊಳಗೇ ಹಿಗ್ಗಿದೆ. ಪಾಠ ಸುಳ್ಳಲ್ಲ ಎಂದು ಸಮಾಧಾನವಾಯಿತು. ಬಸ್ಸು ಚಹಾಕ್ಕೆ ನಿಂತಾಗ ಇಳಿದು ಸರಿಯಾಗಿ ನೋಡಿದೆ. ಹೊಸ ಮನೆಗಳಲ್ಲಿ ಅರ್ಧಕ್ಕೆ ಬೀಗ. ಉಳಿದವುಗಳ ಅಂಗಳದಲ್ಲಿ ಅಜ್ಜಿಯರು, ಅವರ ಬೆನ್ನಿಗೆ ಬಟ್ಟೆಯಲ್ಲಿ ಕಟ್ಟಿದ ಕೂಸುಗಳು. ನಡುವಯಸ್ಸಿನವರು ಒಬ್ಬರೂ ಕಾಣಲಿಲ್ಲ. ತಂಬೂರಿನಲ್ಲಿ ಗೋವಾದ ಗಳಿಕೆಯಿಂದ ಕಟ್ಟಿದ ಮನೆಗಳ ಓಣಿಯೂ ಹೀಗೇ ಇದೆ. ನೋಡಿ ನೋಡಿ ನನಗೆ ಅದು ಕಾಣುವುದೇ ನಿಂತುಹೋಗಿತ್ತು.

ಬೆಟ್ಟದ ಊರು

ಲಾನ್‌ಳ ತವರುಮನೆ ಕಂಬಗಳ ಮೇಲೆ ನಿಂತ ಕಟ್ಟಿಗೆಯ ಮನೆ. ಏಣಿ ಹತ್ತಿ ಒಳಗೆ ಹೋಗಬೇಕು. ಅವಳ ತಾಯಿಯನ್ನು ಎಲ್ಲರೂ ಬಾ ಎಂದು ಕರೆಯುತ್ತಾರೆ, ಅಜ್ಜಿ ಎಂದು ಅರ್ಥ. ನಾನೂ ಬಾ ಎಂದೆ. ವಯಸ್ಸು ಕೇಳಿದರು. ಅವರು ನನಗಿಂತ ಒಂದೆರಡು ವರ್ಷಕ್ಕೇ ದೊಡ್ಡವರು. ಇಬ್ಬರೂ ಒಬ್ಬರ ತಲೆಗೂದಲನ್ನು ಒಬ್ಬರು ನೋಡಿಕೊಂಡೆವು.

ಬಾ ಎಲ್ಲ ತಯಾರಿ ಮಾಡಿಕೊಂಡಿದ್ದರು. ತೊಲೆಗೆ ಹೊಸ ಕಬ್ಬಿಣದ ಕೊಂಡಿ ಬಡಿಸಿದ್ದರು. ಅದರ ಕೆಳಗೆ ತಮ್ಮ ಹಾಸಿಗೆಯನ್ನು ಎಳೆದು ತಂದಿದ್ದರು. ಏಣಿಯ ಬಾಯಿಗೆ ಬಿದಿರಿನ ಪುಟ್ಟ ಬಾಗಿಲು ಕಟ್ಟಿದ್ದರು, ಕೂಸು ಅಂಬೆಗಾಲಿಟ್ಟರೆ ಬೀಳಬಾರದೆಂದು. ಕೂಸು ಇನ್ನೂ ಮಗ್ಗುಲಾಗುತ್ತಿತ್ತು ಅಷ್ಟೇ.

ತೊಟ್ಟಿಲ ಹಲಗೆಗಳನ್ನು ನೋಡಲು ನೆರೆಯವರು ಬಂದರು. ನಿಮ್ಮ ಕಡೆ ಮಕ್ಕಳು ನೀಲಿ ಇರುತ್ತವೆಯೇ ಎಂದು ಒಬ್ಬಾಕೆ ಕೇಳಿದಳಂತೆ. ತಮ್ಮ ಕೃಷ್ಣನ ಕಥೆ ಹೇಳಿ, ನನ್ನ ಕಡೆ ತಿರುಗಿ, "ಅಂವಾನೂ ಬ್ಯಾರೆಯವರ ಮನ್ಯಾಗ ಬೆಳದಾಂವ ಅಕ್ಕಾ. ಏನ್ ಕಮ್ಮಿ ಆತು?" ಎಂದ.

"ಅವರವ್ವ ಜೇಲಿನ್ಯಾಗಿದ್ಲು," ಎಂದೆ.

ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಲಾನ್ ಒಲೆಯ ಹತ್ತಿರ ಕೂಸಿಗೆ ಹಾಲು ಕುಡಿಸುತ್ತಾ ಕೂತಿದ್ದಳು. ನಾನು ಪಕ್ಕದಲ್ಲಿ ಕೂತೆ. ಅವಳು ತನಗೆ ಬರುವ ಕನ್ನಡವನ್ನೆಲ್ಲ ಒಟ್ಟು ಮಾಡಿಕೊಂಡು ಹೇಳಿದಳು.

"ನಾನು ಸಣ್ಣಾಕಿರಿ. ಅವ್ವ ಇಲ್ಲಿ ಇಲ್ರಿ. ಕೆಳಗ, ಬಟ್ಟಿ ಫ್ಯಾಕ್ಟರಿ. ಹೊಸಾ ವರ್ಷದ ಹಬ್ಬಕ್ಕ ಅಷ್ಟ ಬರ್ತಾರ್ರಿ. ನನಗ ಅಜ್ಜಿ. ಒಂದ್ ಹಬ್ಬ, ಒಬ್ರು ಬಂದ್ರು. ಚಲೋ ಅಂಗಿ, ಕೈಯಾಗ ಗೊಂಬಿ. ನಾನು ಅಜ್ಜಿಗೆ ಕೇಳಿದೆ, ಇವರು ಯಾರ್ರಿ?"

ಕೂಸಿನ ಬಾಯಿ ಒರೆಸಿದಳು.

"ಅವ್ವ ಬಾಗಿಲದಾಗ ನಿಂತಿದ್ರು. ಕೇಳಿಸ್ಕೊಂಡ್ರು."

ಅರ್ಥಶಾಸ್ತ್ರದ ಬಾಯಾರಿಗೆ ಅರ್ಥವಾಗಬೇಕಾದದ್ದು ಅರ್ಥವಾಗಿತ್ತು. ಈ ಬೆಟ್ಟಕ್ಕೆ ಬಂದ ರಸ್ತೆ, ಗೇಟು, ಟವರುಗಳಿಗೆ ಒಂದೊಂದು ತಲೆಮಾರೂ ತನ್ನ ಮಕ್ಕಳ ಎಳವೆಯನ್ನು ಕೊಡುತ್ತಾ ಬಂದಿದೆ. ಬಾ ಕೊಟ್ಟರು, ಈಗ ಲಾನ್ ಕೊಡಬೇಕು. ಕ್ರಮೇಣ ಅಂದರೆ ಇದೇ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದ್ದರಿಂದ ತಮ್ಮನ ಮೇಲೆ ಹಾಕುವುದೆಂದು ನಿಶ್ಚಯಿಸಿದೆ.

ಮರುದಿನ ಬೆಳಿಗ್ಗೆ ತೊಟ್ಟಿಲು ಜೋಡಿಸಿ ಆಯಿತು. ತಮ್ಮ ಸರಪಳಿಗಳನ್ನು ಕೂಡಿಸಿ ನನ್ನ ಕೈಗೆ ಕೊಟ್ಟ. ಕೊಂಡಿಗೆ ಸಿಕ್ಕಿಸಬೇಕಾದವಳು ಸೋದರತ್ತೆ. ಬಾ ಹೊಸ ಬಟ್ಟೆ ತೊಟ್ಟು, ಕೂದಲು ನೀಟಾಗಿ ಕಟ್ಟಿ ನಿಂತಿದ್ದರು. ಅವ್ವನ ಮಾತು ಆಗ ನೆನಪಾಯಿತು. ಒಮ್ಮೆ ಸಿಕ್ಕಿಸಿದರೆ ಕೂಸು ನಡೆಯುವ ತನಕ ಬಿಚ್ಚುವಂತಿಲ್ಲ.

"ಲಾನ್ ಎಲ್ಲಿ ಮಲಗತಾಳ?" ಎಂದೆ.

"ಹೈಫಾಂಗಿನ್ಯಾಗ," ಎಂದ ತಮ್ಮ.

"ಹಂಗಾರ ತೊಟ್ಟಿಲಾನೂ ಅಲ್ಲೇ. ಹಡದಾಕಿ ಮಲಗೂ ಕ್ವಾಣ್ಯಾಗ ಕಟ್ಟೂದು ಪದ್ಧತಿ."

"ಹಂಗಂತ ಯಾರ್ ಹೇಳ್ಯಾರ?"

"ಸೋದರತ್ತಿ ಹೇಳಾಕತ್ತಾಳ."

"ಅಕ್ಕಾ, ಹಗಲೊತ್ತು ಕೂಸಿನ್ನ ಯಾರ್ ನೋಡ್ಕೋಬೇಕು?"

"ನಿನ್ನ ಕ್ಲಾಸ್ ಎಷ್ಟೊತ್ತಿಗೆ?"

"ಬೆಳಿಗ್ಗೆ. ಮತ್ತ ಸಂಜಿಗೆ."

"ನಡುವ ಏನ್ ಮಾಡತಿ?"

ಉತ್ತರ ಲಾನ್ ಕೊಟ್ಟಳು. "ಮಲಗತಾರ್ರಿ."

ಇಡೀ ದೇಶದ ಕಡಲು ಬೆಟ್ಟಗಳ ಅಂತರವನ್ನು ನಾನು ಇಲ್ಲಿಯವರೆಗೆ ವಿಚಾರ ಮಾಡಿಕೊಂಡು ಬಂದಿದ್ದೆ. ಅದರಲ್ಲಿ ಒಬ್ಬ ಗಂಡಸು ಕಾರ್ಖಾನೆಯ ಹೊತ್ತಿನಷ್ಟೇ ಉದ್ದಕ್ಕೆ ಮಲಗಿದ್ದ. ಅವನನ್ನು ಎಬ್ಬಿಸಬಹುದು ಎಂದು ಈ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೈಫಾಂಗಿನಲ್ಲಿ ನೋಡಿದ್ದರೂ ನನಗೂ ಹೊಳೆದಿರಲಿಲ್ಲ. ನಮ್ಮಲ್ಲೂ ಹೊಳೆಯುವುದಿಲ್ಲ.

"ನಂಗ ಕೂಸಿನ್ನ ಎತ್ತಾಕ ಸೈತ ಬರೂದಿಲ್ಲ," ಎಂದ.

"ಕಾಲು ಕುತಗಿಗಿ ಸುತ್ತಿಕೊಳ್ಳೂದು ಕಲ್ತಿ. ಇದನ್ನೂ ಕಲಿ."

ಲಾನ್ ನಗಲಿಲ್ಲ. ಕೂಸನ್ನು ಎದೆಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. ಬಾ ಏನೋ ಕೇಳಿದರು. ತಮ್ಮ ಅನುವಾದ ಮಾಡಲು ಹಿಂಜರಿದ. ಲಾನ್ ತಾನೇ ಹೇಳಿದಳು, ಮೆಲ್ಲಗೆ, ಬಹಳ ಹೊತ್ತು. ಬಾ ಕೇಳಿದರು. ತೊಲೆಯ ಕೊಂಡಿ ನೋಡಿದರು. ಏಣಿಯ ಬಾಯಿಯ ಪುಟ್ಟ ಬಾಗಿಲು ತೆಗೆದು, ಕೆಳಗಿಳಿದು, ಹೊರಗೆ ಹೋದರು.

ಊಟಕ್ಕೆ ಬರಲಿಲ್ಲ. ನನಗೆ ಭಯವಾಯಿತು. ಯಾರ ಮನೆಗೋ ಬಂದು, ಅವರು ವರ್ಷಗಳಿಂದ ಕಾದದ್ದನ್ನು ಕಿತ್ತುಕೊಂಡೆ ಅನಿಸಿತು. ಲಾನ್‌ಳ ಎಳವೆಯನ್ನು ಕಾಣದ ತಾಯಿಗೆ ಮೊಮ್ಮಗಳ ಎಳವೆ ಬೇಕಾಗಿತ್ತು. ಅದರಲ್ಲಿ ತಪ್ಪೇನಿತ್ತು?

ಮರುದಿನ ಬೆಳಿಗ್ಗೆ ತೊಟ್ಟಿಲನ್ನು ಮತ್ತೆ ಪೆಟ್ಟಿಗೆಗೆ ಹಾಕಿ ಹೊರಟೆವು. ಬಸ್ಸಿನ ಹತ್ತಿರ ಬಾ ನಮಗಿಂತ ಮೊದಲೇ ಬಂದು ನಿಂತಿದ್ದರು, ಕಂಕುಳಲ್ಲಿ ಒಂದು ಗಂಟು ಹಿಡಿದು. ಬಿಚ್ಚಿ ತೋರಿಸಿದರು. ಮೆಣಸಿನಕಾಯಿ ಉಪ್ಪು ಕುಟ್ಟುವ ಕಲ್ಲಿನ ಗುಂಡು. ನಮ್ಮ ಕಲ್ಲು ಬೆಂಗಳೂರಿನಲ್ಲಿ ಸಿಕ್ಕಿಬಿದ್ದ ಕಥೆಯನ್ನು ಬಂದ ದಿನ ಲಾನ್ ಅವರಿಗೆ ಹೇಳಿದ್ದಳು. ಹೈಫಾಂಗಿನಲ್ಲಿ ಎಲ್ಲರ ಮನೆಯಲ್ಲೂ ಮಿಕ್ಸರ್, ಅಲ್ಲಿ ನಿಮಗೆ ಕಲ್ಲೆಲ್ಲಿ ಸಿಗುತ್ತದೆ ಎಂದರಂತೆ. ಚಪ್ಪಲಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ನನಗಿಂತ ಮೊದಲು ಬಸ್ಸು ಹತ್ತಿದರು.

ಮತ್ತೆ ಹೈಫಾಂಗ್

ಇಲ್ಲಿ ಓಣಿ ಓಣಿಯಲ್ಲೂ ಜನ ಕಬ್ಬಿಣದ ಚೌಕಟ್ಟಿಗೆ ಬಟ್ಟೆಯ ಜೋಲಿ ಕಟ್ಟಿ ತೂಗಿಕೊಳ್ಳುತ್ತಾರೆ. ತಮ್ಮನ ಮನೆಯ ಕೆಳಗಿನ ವೆಲ್ಡಿಂಗ್ ಅಂಗಡಿಯವನಿಗೆ ತೊಟ್ಟಿಲು ತೋರಿಸಿದೆವು. ಅಂಥದ್ದೇ ಚೌಕಟ್ಟು, ಸ್ವಲ್ಪ ಎತ್ತರ, ಸ್ವಲ್ಪ ದಪ್ಪ ಕೊಳವೆಯದು ಮಾಡಿಕೊಟ್ಟ. ಕಲಘಟಗಿಯ ಕೃಷ್ಣ ಹೈಫಾಂಗಿನ ಹಸಿರು ಕೊಳವೆಗೆ ಜೋತುಬಿದ್ದ. ನೋಡಲು ಚೆನ್ನಾಗಿರಲಿಲ್ಲ, ಗಟ್ಟಿಯಾಗಿತ್ತು.

ಬಾ ತಮ್ಮ ಕಲ್ಲನ್ನು ತಾವೇ ತೊಳೆದರು. ಮೆಣಸಿನ ಘಾಟು ಹೋಗಲು ಮತ್ತೆ ಮತ್ತೆ ತೊಳೆದರು. ನಾನು ಕುಂಚಿಗೆ ತೊಡಿಸಿದೆ. ಅವ್ವ ವಿಡಿಯೋದಲ್ಲಿ ಕಣ್ಣು ಕಿರಿದು ಮಾಡಿ, "ಕಲ್ಲು ನಮ್ದಲ್ಲಲ್ಲ?" ಎಂದಳು.

"ಬೀಗತಿದು," ಎಂದೆ.

"ಗಟ್ಟಿ ಐತೇನು?"

"ನಮ್ಮದಕ್ಕಿಂತ ಗಟ್ಟಿ ಐತಿ."

ಬಾ ಕಲ್ಲನ್ನು ತೊಟ್ಟಿಲಲ್ಲಿ ಮಲಗಿಸಿ, ನಾವು ಹೇಳಿಕೊಟ್ಟಂತೆ ತೂಗಿದರು. ನಾವು ಹೇಳಿಕೊಟ್ಟದ್ದಕ್ಕಿಂತ ಹೆಚ್ಚು ಹೊತ್ತು ತೂಗಿದರು. ಯಾರೂ ಅವಸರ ಮಾಡಲಿಲ್ಲ. ಆಮೇಲೆ ಕಲ್ಲನ್ನು ಎತ್ತಿಕೊಂಡರು, ನಾನು ಕೂಸನ್ನು ಮಲಗಿಸಿ ಕಿವಿಯಲ್ಲಿ ಗಂಗಾ ಎಂದೆ. ಲಾನ್ ಅತ್ತಳು. "ಅಳಬ್ಯಾಡ್ರಿ" ಎಂದು ನಾನೇ ಹೇಳಬೇಕಾಯಿತು.

ಮರುದಿನ ಬಾ ಬೆಟ್ಟಕ್ಕೆ ಹೊರಟರು. ಬತ್ತದ ಗದ್ದೆಗೆ ನೀರು ಬಿಡುವ ಸರದಿ ಅವರದಿತ್ತು. ಬೀಳ್ಕೊಡಲು ಹೋದೆವು. ಕುಂಚಿಗೆ ನಮ್ಮ ಅವ್ವ ಹೊಲಿದದ್ದು, ಕಲ್ಲಿನ ಮೇಲೆ ಹಾಗೇ ಇತ್ತು. ಬಿಚ್ಚಿಕೊಳ್ಳಲು ಕೈ ಚಾಚಿದೆ. ಬಾ ಗಂಟನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದರು. ನಾನು ಕೈ ಹಿಂದೆ ತೆಗೆದುಕೊಂಡೆ. ಬಸ್ಸಿನ ಗಾಜಿನೊಳಗಿಂದ ಕಂಡಿತು. ಅವರು ಮಲಗಿ, ಕಲ್ಲನ್ನು ಮಗ್ಗುಲಲ್ಲಿ ಇಟ್ಟುಕೊಂಡು, ಇಬ್ಬರಿಗೂ ಸೇರಿ ಬೆಲ್ಟು ಹಾಕಿಕೊಂಡರು.

ಕುಂದಗೋಳ

ಈ ಸಲದ ಪಾಲಕರ ಸಭೆಗೆ ಆ ಅಜ್ಜಿ ಮತ್ತೆ ಬಂದಿದ್ದರು. ನಾನೇ ಹೋಗಿ, "ಸಮ ಯಾವಾಗ ಆಗತೈತಿ ನನಗೂ ಗೊತ್ತಿಲ್ರಿ," ಎಂದೆ. "ಗೊತ್ತಿಲ್ಲ ಅಂತ ನನಗ ಅವತ್ತ ಗೊತ್ತಾತ್ರಿ ಬಾಯಾರ," ಎಂದರು. ಚಹಾ ಇಬ್ಬರೂ ಕುಡಿದೆವು.

ತಮ್ಮ ಈಗ ನಡುಹಗಲು ತೊಟ್ಟಿಲ ಹಗ್ಗವನ್ನು ಕಾಲ ಹೆಬ್ಬೆರಳಿಗೆ ಕಟ್ಟಿಕೊಂಡು ಮಲಗುತ್ತಾನಂತೆ. ಕೂಸು ಅತ್ತರೆ ಕಾಲು ತಾನೇ ಅಲ್ಲಾಡುತ್ತದೆ, ನಿದ್ದೆಗೆ ಭಂಗವಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತಾನೆ. ಅವನಿಂದ ಇಷ್ಟನ್ನೇ ನಾನು ನಿರೀಕ್ಷಿಸಿದ್ದೆ.

ಮೊನ್ನೆ ಲಾನ್ ಫೋನ್ ಮಾಡಿದ್ದಳು. ಬಾ ಏನು ಮಾಡುತ್ತಿದ್ದಾರೆ ಎಂದು ಕೇಳಿದೆ. ಚೆನ್ನಾಗಿದ್ದಾರೆ ಎಂದಳು. ಸಂತೆಗೆ ಹೋಗಿ, ಮೆಣಸಿನಕಾಯಿ ಕುಟ್ಟಲು ಹೊಸದೊಂದು ಕಲ್ಲು ತಂದಿದ್ದಾರಂತೆ.